ಲೇಬಲ್ ನೋಡದೆ ದ್ರಾಕ್ಷಿ ತಳಿ ಹೇಳುವುದು ಹೇಗೆ?

ಪ್ರಶ್ನೆ: ನಾವು ಪುಣೆಯ ಬಾಣೇರ್‌ನಲ್ಲಿರುವ ಐದು ಜನ ಕನ್ನಡದ ಗೆಳೆಯರು. ಆಗಾಗ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ವೈನ್ ಬಾಟಲಿಗೆ ಪೇಪರ್ ಸುತ್ತಿ, ಯಾವ ದ್ರಾಕ್ಷಿ ಅಂತ ಊಹಿಸುತ್ತೇವೆ. ಕಳೆದ ಸಲ ಕ್ಯಾಬರ್ನೆ ಸೋವಿನ್ಯೋಂ ಎಂಬ ಕೆಂಪು ವೈನ್‌ಗೆ ಎಲ್ಲರೂ ಶಿರಾಜ್ ಅಂದೆವು. ಶೆನಿನ್ ಬ್ಲಾಂ ಎಂಬ ಬಿಳಿ ವೈನ್‌ಗೆ ಮೂವರು ಸೋವಿನ್ಯೋಂ ಬ್ಲಾಂ ಅಂದರು. ಪುಸ್ತಕಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್, ಸೀಡರ್ ಮರ, ಗೂಸ್‌ಬೆರಿ ಯಾವುದೂ ನಮ್ಮ ಮೂಗಿಗೆ ಸಿಗುತ್ತಿಲ್ಲ. ಇದು ಕಲಿತರೆ ಬರುವ ವಿದ್ಯೆಯಾ, ಹುಟ್ಟಿನಿಂದ ಬರುವ ಮೂಗಾ? ನಾಸಿಕ್ ವೈನ್‌ನಲ್ಲೇ ಕಲಿಯಬಹುದಾ, ವಿದೇಶಿ ಬಾಟಲಿ ಬೇಕೇ ಬೇಕಾ?

ಉತ್ತರ: ಖಂಡಿತ ಕಲಿಯಬಹುದು. ಹುಟ್ಟಿನಿಂದ ಬಂದ ಮೂಗು ಸ್ವಲ್ಪ ನೆರವಾಗುತ್ತದೆ, ಅಷ್ಟೇ. ದ್ರಾಕ್ಷಿ ಗುರುತಿಸುವುದು ಬಹುಪಾಲು ನೆನಪಿನ ಕೆಲಸ. ನಂಬಿಕೆ ಬರದಿದ್ದರೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನೆನೆಸಿಕೊಳ್ಳಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಬೀಜವಿರುವ, ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ. ಕಣ್ಣು ಮುಚ್ಚಿಕೊಂಡು ಒಂದು ಹಣ್ಣು ಬಾಯಿಗೆ ಹಾಕಿದರೂ ಅದನ್ನು ತಿಂದು ಬೆಳೆದವರು ಯಾರೂ ಥಾಮ್ಸನ್ ಸೀಡ್‌ಲೆಸ್ ಅನ್ನುವುದಿಲ್ಲ. ಸಿಪ್ಪೆ ಒಡೆದ ಕೂಡಲೇ ಬರುವ ಆ ಗಾಢ ವಾಸನೆಗೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು. ದ್ರಾಕ್ಷಿ ಪೆಪ್ಪರ್‌ಮೆಂಟಿಗೆ, ಜೆಲ್ಲಿಗೆ ಬಳಸುವುದೂ ಇದನ್ನೇ. ಗೋವಾದಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಸಿಹಿ ವೈನ್‌ಗಳಿಗೆ ಈ ಹಣ್ಣೇ ಮೂಲ. ಗ್ಲಾಸ್ ಮೂಗಿನ ಹತ್ತಿರ ತಂದರೆ ಸಾಕು, ಗೊತ್ತಾಗಿಬಿಡುತ್ತದೆ. ಇದನ್ನು ನಿಮಗೆ ಯಾರೂ ಕಲಿಸಿಲ್ಲ. ಚಿಕ್ಕಂದಿನಿಂದ ತಿಂದು ತಿಂದು ತಲೆಯಲ್ಲಿ ಕೂತಿದೆ. ಕ್ಯಾಬರ್ನೆ, ಶಿರಾಜ್ ಹಾಗೆ ಕೂತಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಒಂದು ತೊಡಕಿದೆ. ಬೆಂಗಳೂರು ಬ್ಲೂನಲ್ಲಿ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ಬಳ್ಳಿಯ ಅಂಶ ಇದೆ. ಅದಕ್ಕೇ ಅದರ ವಾಸನೆ ಅಷ್ಟು ಬೇರೆ. ನೀವು ಊಹಿಸುತ್ತಿರುವ ದ್ರಾಕ್ಷಿಗಳೆಲ್ಲ ವಿನಿಫೆರಾ ಎಂಬ ಒಂದೇ ಜಾತಿಯ ತಳಿಗಳು. ಅವುಗಳ ವೈನ್‌ನಲ್ಲಿರುವ ವಾಸನೆಯ ವಸ್ತುಗಳು ಹೆಚ್ಚುಕಡಿಮೆ ಒಂದೇ, ಪ್ರಮಾಣ ಮಾತ್ರ ಬೇರೆ ಬೇರೆ. ತನ್ನದೇ ಗುರುತು ಎದ್ದು ಕಾಣುವ ತಳಿ ಕೆಲವೇ ಕೆಲವು. ಮಸ್ಕಟ್ ಅಂಥದ್ದು. ಅದರಲ್ಲಿ ಲಿನಲೂಲ್, ಜೆರಾನಿಯೋಲ್ ತುಂಬಿರುತ್ತವೆ. ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ, ಜೆರಾನಿಯೋಲ್ ಗುಲಾಬಿಯಲ್ಲಿದೆ. ಸೋವಿನ್ಯೋಂ ಬ್ಲಾಂ ಕೂಡ ಬಾಯಿಬಿಟ್ಟು ಮಾತಾಡುವ ದ್ರಾಕ್ಷಿ. ಶಾರ್ಡೊನೇ ಹಾಗಲ್ಲ. ಅದು ಮೂಗಿಗೆ ಜಾಸ್ತಿ ಏನೂ ಹೇಳುವುದಿಲ್ಲ. ವೈನ್ ಮಾಡಿದವರು ಪೀಪಾಯಿಯಲ್ಲಿ ಏನು ಮಾಡಿದರೋ ಅದೇ ಅದರ ವಾಸನೆ. ಅನುಭವಿಗಳು ಶಾರ್ಡೊನೇ ಅನ್ನುವುದು ಎಷ್ಟೋ ಸಲ ಬೇರೆ ಯಾವುದೂ ಅಲ್ಲ ಅಂತ ಖಾತ್ರಿಯಾದ ಮೇಲೆ.

ನಿಮ್ಮ ತೊಂದರೆ ಶುರುವಾಗುವುದು ಇಲ್ಲಿಂದ ಅಂತ ನನಗನ್ನಿಸುತ್ತದೆ: ನೀವು ಮೂಗಿನಿಂದ ಆರಂಭಿಸುತ್ತಿದ್ದೀರಿ. ಅದೂ ಬೇರೆಯವರ ಊರಿನ ಹಣ್ಣುಗಳ ಪಟ್ಟಿ ಹಿಡಿದುಕೊಂಡು. ಬ್ಲ್ಯಾಕ್‌ಕರಂಟ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಐಸ್‌ಕ್ರೀಮ್. ಆ ಹಣ್ಣನ್ನು ಕೈಯಲ್ಲಿ ಹಿಡಿದವರು ಎಷ್ಟು ಜನ? ಇಲ್ಲದ ನೆನಪನ್ನು ಗ್ಲಾಸ್‌ನಲ್ಲಿ ಹುಡುಕಿದರೆ ಸಿಗುವುದು ಹೇಗೆ? ಪಟ್ಟಿಯನ್ನು ಪಕ್ಕಕ್ಕಿಡಿ. ಮೊದಲು ಬಾಯಿಯನ್ನು ಕೇಳಿ. ಹುಳಿ, ಒಗರು, ಸಿಹಿ, ಆಲ್ಕೋಹಾಲಿನ ಬಿಸಿ. ಈ ನಾಲ್ಕು ಮೂಗಿನಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಇವು ನಿಮ್ಮ ಮುಂದಿರುವ ತಳಿಗಳಲ್ಲಿ ಅರ್ಧಕ್ಕರ್ಧವನ್ನು ಅಲ್ಲೇ ತೆಗೆದುಹಾಕುತ್ತವೆ.

ಹುಳಿ ಅಳೆಯುವುದು ಹೀಗೆ. ಒಂದು ಗುಟುಕು ಬಾಯಿಯಲ್ಲಿ ಐದು ಸೆಕೆಂಡ್ ಆಡಿಸಿ, ಉಗಿದುಬಿಡಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಬಾಯಿ ಮುಚ್ಚಿಕೊಳ್ಳಿ. ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ ನೀರೂರುತ್ತದೆ. ಎಷ್ಟು ಬೇಗ ಊರಿತು, ಎಷ್ಟು ಹೊತ್ತು ಊರುತ್ತಲೇ ಇತ್ತು ಅನ್ನುವುದನ್ನು ಗಮನಿಸಿ. ರೀಸ್ಲಿಂಗ್, ಶೆನಿನ್, ಸಾಂಜೊವೇಸೆ ಇದ್ದರೆ ನೀರು ನಿಲ್ಲುವುದೇ ಇಲ್ಲ. ವಿಯೋನ್ಯೇ ಇದ್ದರೆ ಬೇಗ ಒಣಗುತ್ತದೆ. 'ಹುಳಿ ಅನ್ನಿಸಿತಾ' ಅಂತ ನಾಲಿಗೆಯನ್ನು ಕೇಳಬೇಡಿ, ಅದು ಸಿಹಿಯಿಂದ ಗಲಿಬಿಲಿಯಾಗುತ್ತದೆ. ಊರುವ ನೀರು ಅಷ್ಟು ಬೇಗ ಗಲಿಬಿಲಿಯಾಗುವುದಿಲ್ಲ.

ಒಗರು ಅಂದರೆ ಟ್ಯಾನಿನ್. ಎಳೆ ಬಾಳೆಕಾಯಿ, ಹಸಿ ಅಡಿಕೆ, ನೇರಳೆ ತಿಂದವರಿಗೆ ಅದನ್ನು ವಿವರಿಸಬೇಕಿಲ್ಲ. ಗಮನಿಸಬೇಕಾದದ್ದು ಎಷ್ಟು ಅನ್ನುವುದಷ್ಟೇ ಅಲ್ಲ, ಎಲ್ಲಿ ಅನ್ನುವುದು. ಉಗಿದ ಮೇಲೆ ಮೇಲ್ದುಟಿಯನ್ನು ಒಸಡಿನ ಮೇಲೆ ಒಮ್ಮೆ ಉಜ್ಜಿ. ತುಟಿ ಒಸಡಿಗೆ ಅಂಟಿಕೊಂಡಂತೆ ಜಾರದೆ ನಿಂತರೆ ಟ್ಯಾನಿನ್ ಗಟ್ಟಿಯಾಗಿದೆ. ಕ್ಯಾಬರ್ನೆ ಸೋವಿನ್ಯೋಂನಲ್ಲಿ ಆಗುವುದು ಇದೇ. ಅದರ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸಕ್ಕೆ ಹೋಲಿಸಿದರೆ ಬೀಜ ಜಾಸ್ತಿ. ಟ್ಯಾನಿನ್ ಬರುವುದೇ ಸಿಪ್ಪೆ ಮತ್ತು ಬೀಜದಿಂದ. ಶಿರಾಜ್‌ನಲ್ಲೂ ಒಗರಿದೆ, ಆದರೆ ಸಾಮಾನ್ಯವಾಗಿ ಅದು ನಾಲಿಗೆಯ ಮೇಲೆ ಹರಡಿಕೊಳ್ಳುತ್ತದೆ, ಒಸಡನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಈಗ ನಿಮ್ಮ ಕ್ಯಾಬರ್ನೆ ಮತ್ತು ಶಿರಾಜ್ ವಿಷಯಕ್ಕೆ ಬರೋಣ. ಪುಣೆಯಲ್ಲಿ ಕಲಿಯುವವರು ಎಲ್ಲಕ್ಕಿಂತ ಜಾಸ್ತಿ ಎಡವುವ ಜಾಗ ಇದು.

ಎರಡರ ಬಣ್ಣವೂ ಗಾಢ. ಎರಡಕ್ಕೂ ಕಪ್ಪು ಹಣ್ಣಿನ ವಾಸನೆ ಇದೆ. ಎರಡನ್ನೂ ಓಕ್ ಮರದ ಪೀಪಾಯಿಯಲ್ಲಿ ಇಡುತ್ತಾರೆ. ಶಿರಾಜ್ ಅಂದರೆ ಕಾಳುಮೆಣಸು ಅಂತ ಓದಿರುತ್ತೀರಿ. ಅದು ನಿಜವೇ. ಆ ವಾಸನೆಗೆ ರೊಟಂಡೋನ್ ಎಂಬ ವಸ್ತು ಕಾರಣ, ಅಡುಗೆಮನೆಯ ಮೆಣಸಿನಲ್ಲಿರುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದವರಲ್ಲಿ ಐವರಿಗೆ ಒಬ್ಬರಂತೆ, ತುಂಬಾ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೂ ಆ ವಾಸನೆ ಸಿಗಲೇ ಇಲ್ಲ. ನೀವೂ ಐವರಿದ್ದೀರಿ. ನಿಮ್ಮ ಮೇಜಿನಲ್ಲೂ ಒಬ್ಬರು ಹಾಗಿರಬಹುದು. ಅವರಿಗೆ ಗ್ಲಾಸ್‌ನಲ್ಲಿ ಮೆಣಸು ಕಾಣದಿದ್ದರೆ ಅದು ಅವರ ತಪ್ಪಲ್ಲ, ಅವರ ಮೂಗಿನಲ್ಲಿ ಆ ಬಾಗಿಲೇ ಇಲ್ಲ.

ಇನ್ನೊಂದು ಮಾತು. ರೊಟಂಡೋನ್ ತಂಪು ಊರಿನ ಬಳ್ಳಿಯಲ್ಲಿ ಜಾಸ್ತಿ, ಬಿಸಿಲು ಹೆಚ್ಚಾದಲ್ಲಿ ಕಡಿಮೆ. ನಮ್ಮ ಮಹಾರಾಷ್ಟ್ರದ ಬಳ್ಳಿಗೆ ಏಪ್ರಿಲ್ ಸುಮಾರಿಗೆ ಒಂದು ಸಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಕತ್ತರಿ ಹಾಕುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಯುರೋಪಿನಲ್ಲಿ ಹಣ್ಣು ಮಾಗುವುದು ಚಳಿಯ ಕಡೆ ಹೋಗುತ್ತಾ, ನಮ್ಮಲ್ಲಿ ಬೇಸಿಗೆಯ ಕಡೆ ಬರುತ್ತಾ. ಹೀಗಾಗಿ ನಾಸಿಕ್ ಶಿರಾಜ್‌ನಲ್ಲಿ ಮೆಣಸು ಮುಂದೆ ಬಂದು ನಿಲ್ಲಬೇಕು ಅಂತ ಕಾಯಬಾರದು. ಸಿಗುವುದು ಚೆನ್ನಾಗಿ ಮಾಗಿದ ಹಣ್ಣು, ಜಾಮ್‌ನ ಹತ್ತಿರ ಹೋಗುವ ಸಿಹಿ ವಾಸನೆ, ಕೆಲವೊಮ್ಮೆ ಹೊಗೆ, ಸುಟ್ಟ ಮಾಂಸದ ಛಾಯೆ. ಅದರ ಹಿಂದೆ ಎಲ್ಲೋ ಸ್ವಲ್ಪ ಮೆಣಸು ಇದ್ದರೆ ಇತ್ತು.

ಕ್ಯಾಬರ್ನೆಯ ಗುರುತು ಬೇರೆ. ದಪ್ಪ ಮೆಣಸಿನಕಾಯಿಯನ್ನು, ಅಂದರೆ ಕ್ಯಾಪ್ಸಿಕಂ ಅನ್ನು, ಚಾಕುವಿನಿಂದ ಸೀಳಿದಾಗ ಬರುವ ಹಸಿ ವಾಸನೆ ಇದೆಯಲ್ಲ, ಅದು. ಪೈರಜೀನ್ ಎಂಬ ವಸ್ತುಗಳು ಅದಕ್ಕೆ ಕಾರಣ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಒಂದು ನ್ಯಾನೊಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು! ಹಣ್ಣು ಮಾಗಿದಂತೆ, ಗೊಂಚಲಿಗೆ ಬಿಸಿಲು ಬಿದ್ದಂತೆ ಇದು ಕಡಿಮೆಯಾಗುತ್ತದೆ. ಎಲೆ ದಟ್ಟವಾಗಿದ್ದರೆ, ಹಣ್ಣನ್ನು ಬೇಗ ಕೊಯ್ದರೆ ಉಳಿದುಕೊಳ್ಳುತ್ತದೆ. ಪೂರ್ತಿ ಮಾಗಿದ ಕ್ಯಾಬರ್ನೆಯಲ್ಲಿ ಅದು ಒಣ ಎಲೆ, ತಂಬಾಕು, ಪುದೀನದ ಛಾಯೆಯಷ್ಟೇ ಆಗಿ ಕಾಣಬಹುದು. ಆದರೆ ಶಿರಾಜ್‌ನಲ್ಲಿ ಈ ಹಸಿರು ಅಂಚು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನಾನು ಕಲಿಸುವಾಗ ಹೇಳುವುದು ಇಷ್ಟೇ: ಕಾಳುಮೆಣಸಿಗಾಗಿ ಹುಡುಕಬೇಡಿ, ಹಸಿರಿಗಾಗಿ ಹುಡುಕಿ. ಹಸಿರಿದೆ, ಒಸಡು ಬಿಗಿಯಿತು ಅಂದರೆ ಕ್ಯಾಬರ್ನೆ ಅನ್ನಿ. ಹಸಿರಿಲ್ಲ, ನಾಲಿಗೆಯ ನಡುವೆ ದುಂಡಗೆ ತುಂಬಿಕೊಂಡಿತು ಅಂದರೆ ಶಿರಾಜ್ ಅನ್ನಿ. ಪ್ರತಿ ಸಲ ಸರಿಯಾಗುವುದಿಲ್ಲ, ಆದರೆ ಈಗಿನದಕ್ಕಿಂತ ತುಂಬಾ ಮೇಲು.

ಒಂದು ಖುಷಿಯ ವಿಷಯ ಹೇಳಲೇಬೇಕು. ಸೋವಿನ್ಯೋಂ ಬ್ಲಾಂನಲ್ಲೂ ಇದೇ ದಪ್ಪ ಮೆಣಸಿನಕಾಯಿ ವಾಸನೆ ಬರುತ್ತದೆ. ಬಿಳಿ ದ್ರಾಕ್ಷಿಗೂ ಕಪ್ಪು ದ್ರಾಕ್ಷಿಗೂ ಇದು ಹೇಗೆ ಬಂತು? 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲ್ ಮೆರೆಡಿತ್ ಮತ್ತು ಜಾನ್ ಬೋವರ್ಸ್ ಡಿಎನ್‌ಎ ಪರೀಕ್ಷೆ ಮಾಡಿ ತೋರಿಸಿದರು: ಕ್ಯಾಬರ್ನೆ ಸೋವಿನ್ಯೋಂನ ತಾಯಿತಂದೆ ಕ್ಯಾಬರ್ನೆ ಫ್ರಾಂ ಮತ್ತು ಸೋವಿನ್ಯೋಂ ಬ್ಲಾಂ. ಮೂರರಲ್ಲೂ ಪೈರಜೀನ್ ಇದೆ. ಮನೆತನದ ವಾಸನೆ ಅದು. ಈ ಎರಡು ವೈನ್‌ಗಳನ್ನು ಒಂದೇ ಸಂಜೆ ಪಕ್ಕಪಕ್ಕ ಇಟ್ಟು ಮೂಸಿ ನೋಡಿ. ಬಣ್ಣ ಬೇರೆಯಾದರೂ ಒಳಗೆ ಒಂದೇ ಎಳೆ ಓಡುವುದು ಗೊತ್ತಾದ ದಿನ ನಿಮಗೆ ಪೈರಜೀನ್ ಮತ್ತೆ ಮರೆಯುವುದಿಲ್ಲ.

ಶೆನಿನ್ ಮತ್ತು ಸೋವಿನ್ಯೋಂ ಬ್ಲಾಂ ಬೆರೆತುಹೋಗುವುದಕ್ಕೂ ಕಾರಣ ಇದೆ. ನಾಸಿಕ್‌ನ ಎರಡರಲ್ಲೂ ಸೀಬೆಹಣ್ಣಿನ ವಾಸನೆ ಸಿಗುತ್ತದೆ. ಸೀಬೆಯನ್ನೇ ನಂಬಿದರೆ ಎರಡೂ ಒಂದೇ ಆಗಿ ಕಾಣುತ್ತವೆ. ಹಾಗಾಗಿ ಸೀಬೆಯನ್ನು ಬಿಟ್ಟು, ಅದರ ಪಕ್ಕದಲ್ಲಿ ಏನಿದೆ ನೋಡಿ. ಸೋವಿನ್ಯೋಂ ಬ್ಲಾಂನಲ್ಲಿ ಕೊಯ್ದ ಹುಲ್ಲು, ಟೊಮೆಟೊ ಎಲೆಯನ್ನು ಬೆರಳಲ್ಲಿ ಹಿಸುಕಿದಾಗ ಬರುವ ಘಾಟು, ಪ್ಯಾಶನ್ ಫ್ರೂಟ್ ಇರುತ್ತದೆ. ಗ್ಲಾಸ್ ಎತ್ತುವ ಮೊದಲೇ ಮೂಗಿಗೆ ಹೊಡೆಯುತ್ತದೆ. ಶೆನಿನ್ ಮೂಗಿಗೆ ಮೆತ್ತಗೆ ಬರುತ್ತದೆ: ಸೇಬು, ಪೇರ್, ಸ್ವಲ್ಪ ಜೇನು. ಬಾಯಿಗೆ ಬಂದ ಮೇಲೆ ಹುಳಿ ಎದ್ದೇಳುತ್ತದೆ. ಇನ್ನೊಂದು ಸುಳಿವು ಇದೆ, ನಮ್ಮ ದೇಶದ ಮಟ್ಟಿಗೆ ತುಂಬಾ ಉಪಯೋಗದ್ದು. ಇಲ್ಲಿ ಹಲವು ಶೆನಿನ್‌ಗಳನ್ನು ಸ್ವಲ್ಪ ಸಕ್ಕರೆ ಉಳಿಸಿ ಬಾಟಲಿ ಮಾಡುತ್ತಾರೆ. ಅದು ಸಿಹಿಯಾ, ಬರೀ ಹಣ್ಣಿನ ವಾಸನೆಯಾ ಅಂತ ಅನುಮಾನ ಬಂದರೆ ಮೂಗು ಗಟ್ಟಿಯಾಗಿ ಹಿಡಿದು ಒಂದು ಗುಟುಕು ತೆಗೆದುಕೊಳ್ಳಿ. ವಾಸನೆ ಸತ್ತುಹೋಗುತ್ತದೆ. ಸಿಹಿ ಇನ್ನೂ ಉಳಿದಿದ್ದರೆ ಅದು ನಿಜವಾದ ಸಕ್ಕರೆ.

ಈ ಊಹೆಯನ್ನು ಕೆಡಿಸುವ ಮೂರ್ನಾಲ್ಕು ವಾಸನೆಗಳಿವೆ. ಅವು ದ್ರಾಕ್ಷಿಯವೇ ಅಲ್ಲ. ವೆನಿಲ್ಲಾ, ಲವಂಗ, ತೆಂಗಿನಕಾಯಿ ಬಂದರೆ ಅದು ಓಕ್ ಮರದ್ದು. ತೆಂಗಿನಕಾಯಿ ಜಾಸ್ತಿ ಇದ್ದರೆ ಅಮೆರಿಕದ ಓಕ್ ಇರಬಹುದು. ಬೆಣ್ಣೆಯ ವಾಸನೆ ಬಂದರೆ ಬ್ಯಾಕ್ಟೀರಿಯಾ ಮ್ಯಾಲಿಕ್ ಆಸಿಡ್ಡನ್ನು ಲ್ಯಾಕ್ಟಿಕ್ ಆಸಿಡ್ ಮಾಡಿದಾಗ ಹುಟ್ಟಿದ ಡೈಅಸಿಟೈಲ್ ಎಂಬ ವಸ್ತು ಅದು. ಹೊಸ ಬಿಳಿ ವೈನ್‌ನಲ್ಲಿ ಬಾಳೆಹಣ್ಣು, ಪೇರ್ ಡ್ರಾಪ್ ಪೆಪ್ಪರ್‌ಮೆಂಟ್ ಸಿಕ್ಕರೆ ಅದು ತಣ್ಣಗೆ ಹುದುಗಿಸಿದಾಗ ಯೀಸ್ಟ್ ಕೊಟ್ಟದ್ದು. ಇವನ್ನೆಲ್ಲ ಮೊದಲು ಬೇರೆ ಮಾಡಿ. ಉಳಿದದ್ದರಲ್ಲಿ ದ್ರಾಕ್ಷಿ ಹುಡುಕಿ. ಓಕ್‌ನಲ್ಲಿಟ್ಟ ಶಿರಾಜ್‌ನ ಲವಂಗದ ವಾಸನೆಯನ್ನೇ ದ್ರಾಕ್ಷಿಯ ಮಸಾಲೆ ಅಂದುಕೊಂಡರೆ, ನಾಳೆ ಓಕ್‌ನಲ್ಲಿಟ್ಟ ಕ್ಯಾಬರ್ನೆಗೂ ಶಿರಾಜ್ ಅಂದುಬಿಡುತ್ತೀರಿ. ಕಳೆದ ಸಲ ನಿಮಗೆ ಆದದ್ದು ಬಹುಶಃ ಇದೇ.

ಹುಳಿಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಬಿಸಿಲಿಗೆ ದ್ರಾಕ್ಷಿಯ ಮ್ಯಾಲಿಕ್ ಆಸಿಡ್ ಕರಗುತ್ತದೆ. ಬಿಸಿ ಊರುಗಳಲ್ಲಿ ವೈನ್ ಮಾಡುವವರು ಟಾರ್ಟಾರಿಕ್ ಆಸಿಡ್ ಸೇರಿಸಿ ಸರಿದೂಗಿಸುವುದು ಸಾಮಾನ್ಯ. ಅದರಲ್ಲಿ ತಪ್ಪೇನಿಲ್ಲ. ಆದರೆ ಹುಳಿ ಹಣ್ಣಿನ ಜೊತೆ ಸೇರಿಕೊಳ್ಳದೆ ಬೇರೆಯಾಗಿ ನಿಂತಂತೆ ಅನ್ನಿಸಿದರೆ ಆ ಹುಳಿಯ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಇನ್ನು ಅಭ್ಯಾಸ. ಏನೂ ಗೊತ್ತಿಲ್ಲದ ಬಾಟಲಿ ಮುಂದಿಟ್ಟು 'ಯಾವುದು ಹೇಳು' ಅನ್ನುವುದು ಪರೀಕ್ಷೆ. ನಿಮಗೆ ಈಗ ಬೇಕಿರುವುದು ಪಾಠ. ಮೊದಲ ಎರಡು ಮೂರು ಸಂಜೆ ಲೇಬಲ್ ಮುಚ್ಚಲೇಬೇಡಿ. ಎರಡೇ ಬಾಟಲಿ ತನ್ನಿ, ಒಂದೇ ಕಂಪನಿಯ, ಒಂದೇ ವರ್ಷದ, ಹೆಚ್ಚುಕಡಿಮೆ ಒಂದೇ ಬೆಲೆಯ ಕ್ಯಾಬರ್ನೆ ಮತ್ತು ಶಿರಾಜ್. ಹಾಗೆ ತಂದರೆ ಮಾಡಿದ ಕೈ ಒಂದೇ, ಬದಲಾಗುವುದು ಮುಖ್ಯವಾಗಿ ದ್ರಾಕ್ಷಿ. ಪಕ್ಕಪಕ್ಕ ಇಟ್ಟು, ಎಡ ಬಲ ಮಾಡಿ ಮೂಸಿ, ಕುಡಿದು, ವ್ಯತ್ಯಾಸವನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. 'ಇದರಲ್ಲಿ ಅಜ್ಜಿ ಮನೆಯ ಅಟ್ಟದ ವಾಸನೆ' ಅಂತ ಬರೆದರೂ ನಡೆಯುತ್ತದೆ, ನಿಮಗೆ ಮತ್ತೆ ನೆನಪಾದರೆ ಸಾಕು.

ಆಮೇಲೆ ಮೂರು ಗ್ಲಾಸ್ ಪರೀಕ್ಷೆ ಮಾಡಿ. ಇದು ಆಹಾರ ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ನಡೆಯುವ ಟ್ರಯಾಂಗಲ್ ಟೆಸ್ಟ್. ಒಬ್ಬರು ಒಳಗಿನ ಕೋಣೆಯಲ್ಲಿ ಮೂರು ಗ್ಲಾಸ್ ತುಂಬಿಸಿ ತರಬೇಕು. ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಹೆಸರು ಬೇಡ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಒಂದು ಸಲ ಸರಿಯಾದರೆ ಅದಕ್ಕೆ ಬೆಲೆ ಇಲ್ಲ. ಸತತ ಮೂರು ಸಲ ಊಹೆಯಿಂದಲೇ ಸರಿಯಾಗುವ ಸಾಧ್ಯತೆ 27ರಲ್ಲಿ 1. ಅಲ್ಲಿಗೆ ಬಂದರೆ ನಿಮ್ಮ ಬಾಯಿಗೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತಿದೆ ಅನ್ನಬಹುದು. ಬೇರೆ ಅಂತಲೇ ಗೊತ್ತಾಗದ ಎರಡು ವೈನ್‌ಗೆ ಹೆಸರು ಹಚ್ಚುವ ಪ್ರಯತ್ನ ವ್ಯರ್ಥ. ಎಷ್ಟೋ ಜನ ಈ ಮೆಟ್ಟಿಲನ್ನೇ ಹಾರಿ ಹೋಗುತ್ತಾರೆ. ನನ್ನ ಪ್ರಕಾರ ಕಲಿಕೆಯಲ್ಲಿ ಅತಿ ಮುಖ್ಯವಾದ ಮೆಟ್ಟಿಲು ಇದೇ.

ಇದು ಗಟ್ಟಿಯಾದ ಮೇಲೆ ನಾಲ್ಕೇ ತಳಿ ಇಟ್ಟುಕೊಂಡು ಆಡಿ: ಶೆನಿನ್, ಸೋವಿನ್ಯೋಂ ಬ್ಲಾಂ, ಕ್ಯಾಬರ್ನೆ, ಶಿರಾಜ್. ಈ ನಾಲ್ಕರಲ್ಲಿ ಒಂದು ಅಂತ ಮೊದಲೇ ಎಲ್ಲರಿಗೂ ಗೊತ್ತಿರಲಿ. ದೊಡ್ಡ ಪರೀಕ್ಷೆಗಳಲ್ಲೂ ಊಹಿಸಬೇಕಾದ ತಳಿಗಳ ಪಟ್ಟಿ ಅಷ್ಟು ದೊಡ್ಡದಿರುವುದಿಲ್ಲ. ಹೋಟೆಲುಗಳಲ್ಲಿ ವೈನ್ ಬಡಿಸುವ ಪರಿಣತರಿಗಾಗಿ ನಡೆಯುವ ಮಾಸ್ಟರ್ ಸೊಮೆಲಿಯೇ ಪರೀಕ್ಷೆಯಲ್ಲಿ 25 ನಿಮಿಷದಲ್ಲಿ 6 ವೈನ್‌ಗಳನ್ನು ಬಾಯಿಮಾತಿನಲ್ಲೇ ವಿವರಿಸಿ ಹೆಸರಿಸಬೇಕು. ಅಲ್ಲಿ ಬರುವುದು ಹೆಸರಾಂತ ತಳಿಗಳು, ಹೆಸರಾಂತ ಊರುಗಳು. ಮಾಸ್ಟರ್ ಆಫ್ ವೈನ್ ಪರೀಕ್ಷೆಯಲ್ಲಿ ಮೂರು ಪತ್ರಿಕೆ, ಒಟ್ಟು 36 ವೈನ್. ಅಲ್ಲಿ ಹೆಸರು ತಪ್ಪಿದರೂ, ಆ ತೀರ್ಮಾನಕ್ಕೆ ಬಂದ ದಾರಿ ಸರಿಯಿದ್ದರೆ ಅಂಕ ಸಿಗುತ್ತದೆ. ಮುಂಬೈನ ಸೋನಲ್ ಹಾಲೆಂಡ್ 2016ರಲ್ಲಿ ಇದನ್ನು ಮುಗಿಸಿ ಭಾರತದ ಮೊದಲ ಮಾಸ್ಟರ್ ಆಫ್ ವೈನ್ ಆದರು. ಇದರಲ್ಲಿ ಮಂತ್ರ ಏನಿಲ್ಲ. ಒಂದೊಂದೇ ತಳಿಯನ್ನು ಕಾರಣ ಸಮೇತ ಹೊಡೆದುಹಾಕುತ್ತಾ ಹೋಗುವ ತರ್ಕ ಅದು. ನೀವೂ ಉತ್ತರದ ಜೊತೆ ಕಾರಣ ಬರೆಯುವ ರೂಢಿ ಮಾಡಿಕೊಳ್ಳಿ. 'ಶಿರಾಜ್' ಅಂತಷ್ಟೇ ಬರೆದ ಚೀಟಿಯಿಂದ ಕಲಿಯುವುದಕ್ಕೆ ಏನೂ ಇಲ್ಲ. 'ಹಸಿರಿಲ್ಲ, ಒಸಡು ಬಿಗಿಯಲಿಲ್ಲ, ಆದ್ದರಿಂದ ಶಿರಾಜ್' ಅಂತಿದ್ದರೆ ಎಲ್ಲಿ ತಪ್ಪಿತು ಅಂತ ಮರುದಿನವೂ ನೋಡಬಹುದು.

ಬರೆದು ಮುಗಿಯುವವರೆಗೆ ಯಾರೂ ಮಾತಾಡಬಾರದು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಬ್ಬರು 'ಮೆಣಸಿದೆ ಅಲ್ವಾ' ಅಂದರೆ ಮುಗಿಯಿತು, ಉಳಿದ ನಾಲ್ವರಿಗೂ ಮೆಣಸೇ ಸಿಗುತ್ತದೆ. ಎಲ್ಲರೂ ಒಟ್ಟಿಗೆ ಶಿರಾಜ್ ಅಂದದ್ದರ ಹಿಂದೆ ಇದೂ ಇದ್ದೀತು. ಕಣ್ಣಂತೂ ಇನ್ನೂ ದೊಡ್ಡ ಮೋಸಗಾರ. ಫ್ರಾನ್ಸಿನ ಬೋರ್ಡೋದಲ್ಲಿ ಮೊರೋ, ಬ್ರೋಶೆ, ಡುಬುರ್ಡಿಯು ಎಂಬ ಸಂಶೋಧಕರು ಮಾಡಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ವೈನ್ ತಯಾರಿಕೆ ಓದುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ವಿವರಿಸಿದರು. ಇದನ್ನು ಹಿಡಿದುಕೊಂಡು 'ಟೇಸ್ಟಿಂಗ್ ಎಲ್ಲ ಬೊಗಳೆ' ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ವಾಸನೆಗೆ ಮಾತು ಕೊಡುವಾಗ ಕಣ್ಣು ನಮ್ಮ ಕೈ ಹಿಡಿದು ಎಳೆಯುತ್ತದೆ ಅನ್ನುವುದು ಅದರ ಪಾಠ. ಹುಳಿಯನ್ನೂ ಒಗರನ್ನೂ ಮೊದಲು ಬರೆಯಿರಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಬೇರೆ ಬೇರೆ ವಾಸನೆಗಳ ಉದ್ದ ಪಟ್ಟಿ ಬರೆಯಲು ಆಗುತ್ತಿಲ್ಲ ಅಂತಲೂ ಕೊರಗಬೇಡಿ. ಹಲವು ವಾಸನೆ ಬೆರೆತ ಮಿಶ್ರಣದಲ್ಲಿ ಮನುಷ್ಯರು ಬಿಡಿಬಿಡಿಯಾಗಿ ಹೇಳಬಲ್ಲದ್ದು ಮೂರು ನಾಲ್ಕು ಮಾತ್ರ ಅಂತ ಪ್ರಯೋಗಗಳು ತೋರಿಸಿವೆ, ತರಬೇತಿ ಪಡೆದವರಿಗೂ ಅಷ್ಟೇ. ಹನ್ನೆರಡು ಹಣ್ಣಿನ ಹೆಸರಿರುವ ಬಾಟಲಿಯ ಹಿಂದಿನ ಲೇಬಲ್ ಓದಿ ಎದೆಗುಂದಬೇಡಿ.

ಗ್ಲಾಸ್ ಎಲ್ಲ ಒಂದೇ ಥರ ಇರಲಿ, ಬಾಯಿ ಒಳಕ್ಕೆ ಕಿರಿದಾಗಿರಲಿ. 50 ಎಂಎಲ್ ಸುರಿದರೆ ಧಾರಾಳ. ಬಾಟಲಿಯನ್ನು ಪೇಪರ್ ಸುತ್ತಿ ಮೇಜಿನ ಮೇಲೆ ಇಡುವುದು ಸಾಲದು. ಬೋರ್ಡೋ ಬಾಟಲಿಗೆ ನೆಟ್ಟಗಿನ ಭುಜ, ಬರ್ಗಂಡಿ ಬಾಟಲಿಗೆ ಇಳಿಜಾರು ಭುಜ, ಅದೇ ಅರ್ಧ ಉತ್ತರ ಹೇಳಿಬಿಡುತ್ತದೆ. ಒಳಗೇ ಸುರಿದು ಗ್ಲಾಸ್ ಮಾತ್ರ ಹೊರಗೆ ತನ್ನಿ. ಪುಣೆಯ ಏಪ್ರಿಲ್‌ನಲ್ಲಿ 'ರೂಮ್ ಟೆಂಪರೇಚರ್' ಮಾತನ್ನು ಮರೆತುಬಿಡಿ. ಕೆಂಪು ವೈನ್ 16-18 ಡಿಗ್ರಿ ಇರಬೇಕು, ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ. 30 ಡಿಗ್ರಿಯಲ್ಲಿ ಆಲ್ಕೋಹಾಲ್ ಮಾತ್ರ ಮೂಗಿಗೆ ಬಂದು ಎಲ್ಲ ತಳಿಯೂ ಒಂದೇ ಆಗುತ್ತದೆ. ಬಿಳಿ ವೈನ್‌ಗೆ ಇದಕ್ಕೆ ಉಲ್ಟಾ ಎಚ್ಚರ ಬೇಕು. ಫ್ರಿಜ್‌ನಿಂದ ನೇರ ತೆಗೆದರೆ ವಾಸನೆ ಏಳುವುದಿಲ್ಲ, 10-12 ಡಿಗ್ರಿಗೆ ಬರಲಿ. ಅಂಗಡಿಯ ವಿಷಯವೂ ಮುಖ್ಯ. ಬಿಸಿಲು ಬೀಳುವ ಶೆಲ್ಫ್‌ನಲ್ಲಿ ನಿಂತಿದ್ದ ಬಾಟಲಿಯಲ್ಲಿ ಬೆಂದ ಹಣ್ಣಿನ ವಾಸನೆ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಎಸಿ ಇರುವ ಅಂಗಡಿಯಲ್ಲಿ, ಸೋವಿನ್ಯೋಂ ಬ್ಲಾಂ ಆದರೆ ಸಿಗುವುದರಲ್ಲೇ ಹೊಸ ವರ್ಷದ್ದನ್ನು ಕೊಳ್ಳಿ. ಅದರ ಪ್ಯಾಶನ್ ಫ್ರೂಟ್ ವಾಸನೆ ಬೇಗ ಮಾಸುತ್ತದೆ.

ಆ ಸಂಜೆ ಅಗರಬತ್ತಿ ಹಚ್ಚಬೇಡಿ, ಮುಡಿಯಲ್ಲಿ ಮಲ್ಲಿಗೆ ಬೇಡ, ಸೆಂಟ್ ಬೇಡ, ಒಲೆಯ ಮೇಲೆ ಒಗ್ಗರಣೆ ಬೇಡ. ಮಿಸಳ್ ತಿಂದು ಬಂದು ಕೂರಬೇಡಿ. ಖಾರ ತಿಂದ ಬಾಯಿಗೆ ಆಲ್ಕೋಹಾಲ್ ಇನ್ನಷ್ಟು ಉರಿಯುತ್ತದೆ. ಆಗತಾನೆ ಹಲ್ಲುಜ್ಜಿದ್ದರೆ ಹುಳಿಯೂ ಸಿಹಿಯೂ ತಪ್ಪಾಗಿ ಕಾಣುತ್ತವೆ. ನಡುವೆ ನೀರು, ಉಪ್ಪಿಲ್ಲದ ಬ್ರೆಡ್ ಸಾಕು. ಉಗಿಯುವುದಕ್ಕೆ ಒಂದೊಂದು ಲೋಟ ಇಟ್ಟುಕೊಳ್ಳಿ, ನಾಚಿಕೆ ಬೇಡ. ನುಂಗುತ್ತಾ ಹೋದರೆ ನಾಲ್ಕನೇ ಗ್ಲಾಸಿನ ಹೊತ್ತಿಗೆ ನಿಮ್ಮ ತೀರ್ಪಿಗೆ ಬೆಲೆ ಇರುವುದಿಲ್ಲ. ಉಗಿದರೂ ಸ್ವಲ್ಪ ಆಲ್ಕೋಹಾಲ್ ಒಳಗೆ ಹೋಗಿಯೇ ಹೋಗುತ್ತದೆ, ಮನೆಗೆ ಹೋಗುವಾಗ ಗಾಡಿ ಓಡಿಸಬೇಡಿ.

ವಾಸನೆಯ ನೆನಪು ಬೆಳೆಸಲು ಖರ್ಚಿಲ್ಲದ ಜಾಗ ನಿಮ್ಮ ಪುಣೆಯ ತರಕಾರಿ ಮಾರುಕಟ್ಟೆ, ಮಹಾತ್ಮಾ ಫುಲೆ ಮಂಡಈ. ದಪ್ಪ ಮೆಣಸಿನಕಾಯಿ, ಸೀಬೆ, ನೇರಳೆ, ಅಂಜೂರ, ಸ್ಟ್ರಾಬೆರಿ ಕಾಲದಲ್ಲಿ ಸ್ಟ್ರಾಬೆರಿ. ಮನೆಗೆ ತಂದು ಕತ್ತರಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು, ಕಣ್ಣು ಮುಚ್ಚಿ ಮೂಸಿ ಹೆಸರು ಹೇಳಿ. ಪ್ರತಿ ದಿನ ತಿನ್ನುವ ವಸ್ತುವಿನ ಹೆಸರೂ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಳ್ಳುವುದನ್ನು ಆಗ ನೋಡುತ್ತೀರಿ. ಕೆಲವು ವಾರ ಮಾಡಿ, ವೈನ್‌ನಲ್ಲಿ ಫಲ ಕಾಣುತ್ತದೆ.

ತಪ್ಪಾದರೆ ಬೇಸರ ಬೇಡ ಅನ್ನಲು ಚಿಲಿ ದೇಶದ ಕಥೆ ಹೇಳಬೇಕು. ಅಲ್ಲಿ ನೂರಕ್ಕೂ ಹೆಚ್ಚು ವರ್ಷದಿಂದ ಬೆಳೆಯುತ್ತಿದ್ದ ಎಷ್ಟೋ ಬಳ್ಳಿಗಳನ್ನು ಎಲ್ಲರೂ ಮೆರ್ಲೋ ಅಂದುಕೊಂಡಿದ್ದರು. ಬೆಳೆದವರೂ ಹಾಗೇ ಅಂದುಕೊಂಡಿದ್ದರು, ವೈನ್ ಮಾಡಿದವರೂ, ಕುಡಿದವರೂ. 1994ರಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ತಜ್ಞ ಜಾನ್-ಮಿಶೆಲ್ ಬುರ್ಸಿಕೊ ತೋಟದಲ್ಲಿ ಬಳ್ಳಿ ನೋಡಿ, ಇದು ಕಾರ್ಮೆನೇರ್ ಎಂಬ ಬೇರೆಯೇ ತಳಿ ಅಂದರು. ತಳಿಯ ಕೊನೆಯ ಸಾಕ್ಷಿ ಬಳ್ಳಿಯಲ್ಲಿ, ಡಿಎನ್‌ಎಯಲ್ಲಿ ಇರುತ್ತದೆ. ಗ್ಲಾಸ್‌ನಲ್ಲಿರುವುದು ಸುಳಿವು. ಲೇಬಲ್ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ಯುರೋಪಿನಲ್ಲಿ ಒಂದು ತಳಿಯ ಹೆಸರು ಹಾಕಲು ಅದು 85% ಇದ್ದರೆ ಸಾಕು, ಅಮೆರಿಕದಲ್ಲಿ ಸಾಮಾನ್ಯವಾಗಿ 75%. ಉಳಿದದ್ದು ಬೇರೆ ದ್ರಾಕ್ಷಿ ಇರಬಹುದು. ನಿಮ್ಮ ಬಾಯಿ ಬೇರೇನೋ ಇದೆ ಅಂದಾಗ ಅದು ಸರಿಯೇ ಇರಬಹುದು.

ಕೊನೆಯದಾಗಿ ವಿದೇಶಿ ಬಾಟಲಿ. ಶುರುವಿಗೆ ಬೇಡ. ನೀವಿರುವ ಊರಿನಿಂದ ಒಂದು ಕಡೆ ನಾಸಿಕ್, ಇನ್ನೊಂದು ಕಡೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್. ಸುಲಾ ಕಂಪನಿ ನಾಸಿಕ್‌ನಿಂದ 2000ದಲ್ಲಿ ಮೊದಲ ವೈನ್ ಹೊರತಂದದ್ದೇ ಸೋವಿನ್ಯೋಂ ಬ್ಲಾಂ ಮತ್ತು ಶೆನಿನ್ ಬ್ಲಾಂನಿಂದ. ಅಕ್ಲೂಜ್‌ನ ಫ್ರಾಟೆಲ್ಲಿಯಲ್ಲಿ ಇಟಲಿಯ ಸಾಂಜೊವೇಸೆ ಬೆಳೆಯುತ್ತಾರೆ. ನಮ್ಮ ಕಡೆಯ ನಂದಿಬೆಟ್ಟದ ಗ್ರೋವರ್‌ನವರು ಕ್ಯಾಬರ್ನೆ, ಶಿರಾಜ್ ಎರಡನ್ನೂ ಬೆರೆಸಿ ಲಾ ರಿಸರ್ವ್ ಮಾಡುತ್ತಾರೆ. ಎರಡೂ ಬೇರೆ ಬೇರೆಯಾಗಿ ಗೊತ್ತಾದ ಮೇಲೆ ಅದನ್ನು ತನ್ನಿ. ಒಸಡು ಹಿಡಿಯುವುದು ಯಾವುದು, ನಾಲಿಗೆ ತುಂಬುವುದು ಯಾವುದು ಅಂತ ಒಂದೇ ಗ್ಲಾಸ್‌ನಲ್ಲಿ ಬಿಡಿಸಿ ನೋಡುವ ಆಟ ಚೆನ್ನಾಗಿರುತ್ತದೆ. ನಾಲ್ಕು ತಳಿ ಕೈಗೆ ಬಂದ ಮೇಲೆ ಐದನೆಯದಾಗಿ ಸಾಂಜೊವೇಸೆ ಸೇರಿಸಿ. ಕೆಂಪು ವೈನ್‌ನಲ್ಲಿ ನೀರೂರಿಸುವ ಹುಳಿ ಅಂದರೇನು ಅಂತ ಅದು ತೋರಿಸುತ್ತದೆ. ಆರನೆಯದು ವಿಯೋನ್ಯೇ ಇರಲಿ. ಹುಳಿ ಕಡಿಮೆ, ಹೂವಿನ ವಾಸನೆ, ಜರ್ದಾಳು, ಬಾಯಲ್ಲಿ ದಪ್ಪ. ಶೆನಿನ್ ಪಕ್ಕ ಇಟ್ಟರೆ ಎರಡೂ ಸ್ಪಷ್ಟವಾಗುತ್ತವೆ.

ಆಮದು ಸುಂಕದಿಂದ ವಿದೇಶಿ ವೈನ್ ನಮ್ಮ ಅಂಗಡಿಗಳಲ್ಲಿ ದುಬಾರಿ. ನಿಮ್ಮಲ್ಲಿ ಯಾರಾದರೂ ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿದ್ದರೆ ಬರುವಾಗ ತಲೆಗೆ 2 ಲೀಟರ್ ತರಬಹುದು. 750 ಎಂಎಲ್‌ನ ಎರಡು ಬಾಟಲಿ ಅದರಲ್ಲಿ ಹಿಡಿಯುತ್ತದೆ. ಒಂದು ನ್ಯೂಜಿಲೆಂಡಿನ ಮಾರ್ಲ್‌ಬರೋದ ಸೋವಿನ್ಯೋಂ ಬ್ಲಾಂ ಇರಲಿ. ಅದರಲ್ಲಿ ಪೈರಜೀನೂ ಪ್ಯಾಶನ್ ಫ್ರೂಟೂ ಎರಡೂ ಜೋರಾಗಿರುತ್ತವೆ. ಇನ್ನೊಂದು ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾ ಇರಲಿ. ಶಿರಾಜ್‌ಗೆ ಅಲ್ಲಿಯ ಹೆಸರು ಅದು. ಕಾಳುಮೆಣಸು ಅಷ್ಟು ಚೆನ್ನಾಗಿ ಸಿಗುವ ವೈನ್ ಕಡಿಮೆ. ಅದನ್ನು ನಿಮ್ಮ ನಾಸಿಕ್ ಶಿರಾಜ್ ಪಕ್ಕದಲ್ಲಿಟ್ಟು ಸುರಿಯಿರಿ, ಲೇಬಲ್ ತೆರೆದೇ ಇರಲಿ, ಐವರೂ ಮೂಸಿ ನೋಡಿ. ಮೆಣಸಿನ ವಾಸನೆ ಸಿಗದವರು ನಿಮ್ಮಲ್ಲಿದ್ದರೆ ಅವತ್ತು ಗೊತ್ತಾಗುತ್ತದೆ. ಅವರು ಮುಂದೆ ಶಿರಾಜ್‌ಗೆ ಒಸಡನ್ನೂ ಹಸಿರನ್ನೂ ಮಾತ್ರ ನೆಚ್ಚಿಕೊಳ್ಳಲಿ.